ಎಡಗೈ ಹೊಲಿಗೆ

ಏಪ್ರಿಲ್ 9, ಮಂಗಳವಾರ
ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಅಮ್ಮಾ,

ಚೆನ್ನಾಗಿದ್ದೇನೆ ಎಂದು ಬರೆಯಲು ಹೊರಟೆ, ಆಗಲಿಲ್ಲ. ಹೆದರಿಕೆಯಾಗಿದೆ. ಬೆಳಗಿನ ತಿಂಡಿ ಕೂಡ ಮುಟ್ಟಿಲ್ಲ. ನೀನು ಮೆಷಿನ್ ತುಳಿಯುತ್ತಾ ಓದಬೇಡ, ನಿಲ್ಲಿಸಿ ಓದು.

ಕಳೆದ ಪತ್ರದಲ್ಲಿ ಒಂದು ಬೂದು ರೇಷ್ಮೆಯ ಉಡುಪಿನ ಬಗ್ಗೆ ಬರೆದಿದ್ದೆನಲ್ಲ, ನೂರೈವತ್ತು ವರ್ಷ ಹಳೆಯದು, ಸೊಂಟದ ಸುತ್ತಳತೆ ಎರಡೂವರೆ ಗೇಣು ಎಂದು? ಅದರ ಗುಂಡಿ, ನೆರಿಗೆ, ಅಸ್ತರು ಎಲ್ಲವನ್ನೂ ಬಣ್ಣಿಸಿದೆ, ಒಂದು ಸಂಗತಿ ಬಿಟ್ಟು. ಅದನ್ನು ನಾನು ಹರಿದೆ.

ಬೇಕೆಂದು ಹರಿದದ್ದಲ್ಲಮ್ಮ. ಫೆಬ್ರವರಿಯಲ್ಲಿ ಒಂದು ದಿನ ಮ್ಯೂಸಿಯಂನ ಉಗ್ರಾಣದಲ್ಲಿ ಒಬ್ಬಳೇ ಕೂತು ಅಳತೆ ಬರೆದುಕೊಳ್ಳುತ್ತಿದ್ದೆ. ಅಷ್ಟು ಬಿಗಿ ತೋಳು ತೊಟ್ಟವಳು ತಲೆ ಹೇಗೆ ಬಾಚಿಕೊಳ್ಳುತ್ತಿದ್ದಳು, ಮಗುವನ್ನು ಹೇಗೆ ಎತ್ತಿಕೊಳ್ಳುತ್ತಿದ್ದಳು ಎಂಬ ಕುತೂಹಲ. ಸುಮ್ಮನಿರಲಾರದೆ ಭುಜದವರೆಗೆ ಕೈ ತೂರಿಸಿ ಒಂದು ಸಲ ಮೇಲೆತ್ತಿದೆ. ಕಂಕುಳಲ್ಲಿ ಪರ್ ಎಂದಿತು. ಎರಡು ಬೆರಳಗಲ ಹೊಲಿಗೆ ಬಿಟ್ಟುಕೊಂಡಿತು.

ಇಲ್ಲಿಯ ನಿಯಮ ಏನೆಂದರೆ, ಹರಿದದ್ದನ್ನು ಹರಿದ ಹಾಗೇ ಬಿಟ್ಟು, ರಿಜಿಸ್ಟರಿನಲ್ಲಿ ಬರೆದು, ನಮ್ಮ ಉಡುಪು ವಿಭಾಗದ ಮುಖ್ಯಸ್ಥೆ ಮೇಡಂ ಅವರನ್ನು ಕರೆಯಬೇಕು. ಸೂಜಿ ಮುಟ್ಟುವಂತಿಲ್ಲ. ಆದರೆ ಮ್ಯೂಸಿಯಂ ಸೇರುವ ಮೊದಲು ನಾನು ದರ್ಜಿಯ ಮಗಳು. ಬಾಯಿ ಬಿಟ್ಟ ಹೊಲಿಗೆ ಕಂಡರೆ ನಮ್ಮ ಕೈ ಸುಮ್ಮನಿರುತ್ತದೆಯೇ? ನೀನು ಗಿರಾಕಿಗಳ ಬಟ್ಟೆಗೆ ಮಾಡುವಂತೆಯೇ, ಅದೇ ಉಡುಪಿನ ಒಳಮಡಿಕೆಯಿಂದ ಒಂದೆಳೆ ಎಳೆದು ಅದರಲ್ಲೇ ಹೊಲಿದೆ. ಹಳೆಯ ತೂತುಗಳಲ್ಲೇ ಸೂಜಿ ಹೋಯಿತು. ಇಪ್ಪತ್ತು ನಿಮಿಷದ ಕೆಲಸ. ನಿಜ ಹೇಳುತ್ತೇನೆ, ಮುಗಿದಾಗ ಹೆಮ್ಮೆಯೇ ಆಯಿತು.

ಹದಿನೈದು ದಿನದ ಮೇಲೆ ಮೇಡಂ ಆ ಉಡುಪಿಗೆ ಮಸೂರ ಹಿಡಿದು ಕೂತರು. ಉಳಿದ ಹೊಲಿಗೆಯೆಲ್ಲ ಬಲಕ್ಕೆ ವಾಲಿದ್ದರೆ ಕಂಕುಳಿನದು ಮಾತ್ರ ಎಡಕ್ಕೆ ವಾಲಿದೆ, ದಾರ ನೋಡಿದರೆ ಅದೇ ಕಾಲದ್ದು. ಇದು ಎಡಗೈಯವಳ ಕೆಲಸ ಕಣೇ, ಈ ಉಡುಪು ತಯಾರಾದ ಹೊಲಿಗೆಮನೇಲಿ ಎಡಚಿ ಒಬ್ಬಳಿದ್ದಳು, ಹೆಸರೇ ಇಲ್ಲದವಳು ಇವತ್ತು ಸಿಕ್ಕಿಬಿಟ್ಟಳು ಅಂತ ಕುಣಿದಾಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಎಡಗೈಯನ್ನು ಜೇಬಿಗೆ ತುರುಕಿದೆ. ಕೆಲಸಕ್ಕೆ ಸೇರಿ ತಿಂಗಳಾಗಿತ್ತಷ್ಟೆ, ನಾನು ಯಾವ ಕೈಯವಳೆಂದು ಅವರು ಗಮನಿಸಿರಲಿಲ್ಲ. ಆಗಲೇ ಹೇಳಬಹುದಿತ್ತು. ಕೆಲಸ ಹೋದರೆ ಎಂಬ ಭಯಕ್ಕೆ ಬಾಯಿ ಕಟ್ಟಿಹೋಯಿತು.

ಮಾರನೆಯ ದಿನವೇ ಎಡ ಮಣಿಕಟ್ಟು ಉಳುಕಿದೆ ಎಂದು ಪಟ್ಟಿ ಸುತ್ತಿಕೊಂಡೆ. ಅಂದಿನಿಂದ ಬರೆಯುವುದು, ಚಮಚ ಹಿಡಿಯುವುದು, ಎಲ್ಲ ಬಲಗೈಯಲ್ಲಿ. ನನ್ನ ಅಕ್ಷರ ಕೋಳಿ ಕೆದಕಿದಂತಿದೆ ಎಂದು ನೀನು ಬರೆದಿದ್ದೆಯಲ್ಲ, ಕಾರಣ ಇದು. ಮೇಡಂ ಅಯ್ಯೋ ಪಾಪ ಎಂದು ಮುಲಾಮು ತಂದುಕೊಟ್ಟಿದ್ದಾರೆ. ಅದನ್ನು ನೋಡಿದಾಗಲೆಲ್ಲ ನಾಚಿಕೆಯಾಗುತ್ತದೆ.

ಈಗ ಆ ಎಡಚಿ ಹೊಲಿದ ಬೇರೆ ಉಡುಪು ಹುಡುಕಿಕೊಂಡು ಊರೂರು ಸುತ್ತುತ್ತಿದ್ದೇವೆ, ಬೂದು ಉಡುಪಿನ ಪೆಟ್ಟಿಗೆಯನ್ನೂ ಹೊತ್ತುಕೊಂಡು. ಇದು ಮೂರನೆಯ ಮ್ಯೂಸಿಯಂ. ಸಾವಿನ ಮನೆಗೆ ತೊಟ್ಟ ಕಪ್ಪು ಉಡುಪು, ಕುದುರೆ ಸವಾರಿಯ ಕೋಟು, ಬಸುರಿಗೆಂದು ಬದಿ ಬಿಚ್ಚಿ ಅಗಲ ಮಾಡಿದ ರವಿಕೆ, ಏನೇನು ನೋಡಿದೆ! ಬೇರೆ ಸಮಯವಾಗಿದ್ದರೆ ನಿನಗೆ ಹತ್ತು ಪುಟ ಬರೆಯುತ್ತಿದ್ದೆ. ಈಗ ಮೇಡಂ ಒಂದೊಂದು ಕಂಕುಳಿಗೆ ಮಸೂರ ಹಿಡಿದಾಗಲೂ ನಾನು ಕೈಯ ಪಟ್ಟಿ ಬಿಗಿದುಕೊಳ್ಳುತ್ತೇನೆ. ಎಲ್ಲೂ ಸಿಗುವುದಿಲ್ಲ, ಇದ್ದರೆ ತಾನೇ ಸಿಗುವುದು. ಮೇಡಂ ಮಾತ್ರ ಮುಂದಿನ ಊರಲ್ಲಿ ಸಿಕ್ಕೇ ಸಿಗ್ತಾಳೆ ಬಿಡು ಎನ್ನುತ್ತಾರೆ.

ನಾಳೆ ಹನ್ನೊಂದಕ್ಕೆ ಇಲ್ಲಿಯ ಸಭಾಂಗಣದಲ್ಲಿ ಅವರ ಭಾಷಣ. ಬಟ್ಟೆಯ ವಿಷಯ ಅರೆದು ಕುಡಿದವರೇ ಇನ್ನೂರು ಜನ ಬರುತ್ತಾರಂತೆ. ತಿಂಗಳ ಕೊನೆಗೆ ಅವರ ನಿವೃತ್ತಿ. ಮೂವತ್ತೊಂದು ವರ್ಷದಲ್ಲಿ ನಂದು ಅಂತ ಸಿಕ್ಕಿದ್ದು ಇದೊಂದೇ ಕಣೇ ಅಂತ ರೈಲಿನಲ್ಲಿ ಹೇಳಿದರು. ಸಭೆಯಲ್ಲಿ ಯಾರಾದರೂ ಒಳಮಡಿಕೆ ತಿರುಗಿಸಿ, ಎಳೆ ಎಲ್ಲಿಂದ ಬಂತೆಂದು ಕಂಡುಹಿಡಿದರೆ? ಸಭೆಯವರು ನಗುವುದು ನನ್ನನ್ನು ನೋಡಿ ಅಲ್ಲ, ಮೇಡಂ ಅವರನ್ನು ನೋಡಿ. ಹೇಳಿದರೆ ನನ್ನ ಅನ್ನ ಹೋಗುತ್ತದೆ, ಹೇಳದಿದ್ದರೆ ಅವರ ಮಾನ.

ನಿನಗೆ ಬರೆದರೆ ಧೈರ್ಯ ಬರುತ್ತದೆ ಎಂದುಕೊಂಡೆ. ಬರಲಿಲ್ಲ ಕಣಮ್ಮ. ಪಕ್ಕದ ಕೋಣೆಯಲ್ಲಿ ಅವರು ಭಾಷಣವನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಾರೆ. ಈಗ ಎದ್ದು ಹೋಗಿ ಬಾಗಿಲು ತಟ್ಟುತ್ತೇನೆ. ತೆಗೆದ ಮೇಲೆ ಮೊದಲ ಮಾತು ಏನಾಡಬೇಕೋ ಗೊತ್ತಿಲ್ಲ.

ಹೆದರಿ ಕೂತಿರುವ
ನಿನ್ನ ಎಡಚಿ

ತಾ.ಕ.: ಬುಧವಾರ ಮಧ್ಯಾಹ್ನ. ಹೇಳಿಬಿಟ್ಟೆ. ಮೇಡಂ ಬಯ್ಯಲಿಲ್ಲ, ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಭಾಷಣ ಇಲ್ಲವೆಂಬ ಚೀಟಿಯನ್ನು ಸಭಾಂಗಣದ ಬಾಗಿಲಿಗೆ ನಾನೇ ಅಂಟಿಸಿ ಬಂದೆ. ಇನ್ನು ಮ್ಯೂಸಿಯಂ ವಿಳಾಸಕ್ಕೆ ಬರೆಯಬೇಡ, ನಾನು ಅಲ್ಲಿರುವುದಿಲ್ಲ. ಚೀಟಿ ಅಂಟಿಸಿ ಬಂದ ಮೇಲೆ ಮೇಡಂ ಉಡುಪನ್ನು ಮೇಜಿನ ಮೇಲೆ ಹರಡಿ, ಪಟ್ಟಿ ತೆಗಿ, ನೀನು ಹಾಕಿದ್ದನ್ನ ನೀನೇ ಬಿಚ್ಚು ಅಂದರು. ಹದಿನಾರು ಹೊಲಿಗೆ. ಒಂದೊಂದಾಗಿ ಕತ್ತರಿಸಿದೆ. ಕೊನೆಯದೊಂದು ಉಳಿದಾಗ ತಡಿ ಅಂತ ನನ್ನ ಕೈ ಹಿಡಿದರು. ಮಸೂರ ತಂದು ತುಂಬ ಹೊತ್ತು ನೋಡಿ, ಎಷ್ಟು ಚೆಂದ ಹೊಲೀತಿದ್ದಳು ಅಂದರು. ಆಮೇಲೆ, ಕತ್ತರಿಸು ಅಂದರು.