ಕೂಡಲದ ಮಡುವಿನ ದೋಣಿಯಲ್ಲಿ ಒಂದು ಹಲಗೆ

ಹಳೆಯ ವಸ್ತುಗಳನ್ನು ಕಾಯುವ ಕಚೇರಿಯ ಸಾಹೇಬರೇ,

ಬೆನ್ನ ಮೇಲೆ ಎರಡು ಎಮ್ಮೆ ಹೊತ್ತು ವರದೆಯ ಮಹಾಪೂರವನ್ನು ಏಳು ಸಲ ಈಜಿ ದಾಟಿದ, ಹಾನಗಲ್ಲಿನಿಂದ ಸವಣೂರಿನವರೆಗೆ ಸರಿಸಾಟಿಯಿಲ್ಲದ ನಾನು ಈ ಪತ್ರವನ್ನು ಪತ್ರಿಕೆಯಲ್ಲಿ ಬರೆಯಬೇಕಾಗಿದೆ. ಏಕೆಂದರೆ ಕೈಯಾರೆ ಕೊಟ್ಟ ನಾಲ್ಕು ಅರ್ಜಿಗಳು ತಮ್ಮ ಕಚೇರಿಯಲ್ಲಿ ನಮ್ಮ ದೋಣಿಗಿಂತ ಆಳಕ್ಕೆ ಮುಳುಗಿವೆ. ಕೂಡಲದ ಮಡುವಿನಲ್ಲಿ ಬಿದ್ದಿರುವ ಸರಕಿನ ದೋಣಿಯನ್ನು ಮುಟ್ಟಬಾರದೆಂದು ತಾವು ತಡೆ ಹಾಕಿದ್ದೀರಿ. ಅದರೊಳಗೆ ನನ್ನ ತಮ್ಮ ಉಳಿವೆಪ್ಪ ಇದ್ದಾನೆ.

ಮೂವತ್ತೆಂಟರ ಮಳೆಗಾಲದಲ್ಲಿ ಅಕ್ಕಿ ಹೇರಿಕೊಂಡು ಸವಣೂರಿನ ಕಡೆ ಹೊರಟಾಗ ದೋಣಿ ಮಗುಚಿತು. ಇಬ್ಬರು ಈಜಿ ಬಂದರು, ಅವನು ಬರಲಿಲ್ಲ. ನಮ್ಮ ಅಂಬಿಗರ ಮನೆಗಳಲ್ಲಿ, ನೀರಿಗೆ ಹೋದವನ ಎಲುಬಾದರೂ ಕಣ್ಣಿಗೆ ಬೀಳದೆ ಹೆಂಡತಿ ಬಳೆ ತೆಗೆಯುವಂತಿಲ್ಲ, ಅತ್ತು ಮುಗಿಸುವಂತಿಲ್ಲ. ಅವನ ಹೆಂಡತಿ ಅಡಿವೆವ್ವ ಐದು ವರ್ಷದಿಂದ ಅವನ ಪಾಲಿನ ರೊಟ್ಟಿ ಮುಚ್ಚಿಡುತ್ತಾಳೆ. ಬೆಳಿಗ್ಗೆ ಅದನ್ನೇ ತಾನು ತಿನ್ನುತ್ತಾಳೆ.

ಈ ಬೇಸಿಗೆಯಲ್ಲಿ ನೀರಿಳಿದು ದೋಣಿಯ ಮೂತಿ ಕಂಡಿತು. ಎತ್ತಲು ಸರಪಳಿ, ರಾಟೆ, ಹತ್ತಾಳು ಬೇಕು, ನಮ್ಮಲ್ಲೆಲ್ಲಿವೆ? ತಮ್ಮ ಕಾರಕೂನರ ಮುಂದೆ ನಾನು ನಾಲಿಗೆ ಹರಿಯಬಿಟ್ಟೆ. "ನವಾಬರ ಕಾಲದ ದೋಣಿರಿ ಇದು, ಹೊಟ್ಟಿ ತುಂಬ ತಾಮ್ರದ ಹಂಡೆ ಅದಾವು." ಹಂಡೆಗಾಗಿ ಬರುವ ಸರ್ಕಾರ ಅಂಬಿಗನಿಗಾಗಿ ಬರುತ್ತದೆಯೇ? ರಾಟೆ ಸಮೇತ ಬಂದಿರಿ. ತಾವು ಕರೆತಂದ ಸವಣೂರಿನ ಈಜುಗಾರ ಮೆಹಬೂಬ ಮುಳುಗಿ ಎದ್ದವನು ಹಂಡೆಯ ಮಾತೇ ಎತ್ತದೆ ದಂಡೆಯಲ್ಲಿದ್ದ ಅಡಿವೆವ್ವನ ಕಡೆ ತಿರುಗಿದ.

"ಅಕ್ಕಾ, ಹಲಗಿ ಕೆಳಗ ಕೈ ಎಲುಬು ಸಿಕ್ಕೊಂಡೈತಿ. ಬೆಳ್ಳಿ ಕಡಗ ಐತಿ."

"ಯಾವ ಕೈ, ತಮ್ಮಾ?"

"ಎಡಗೈ."

"ಹೂಂ. ಬಲಗೈ ಹುಟ್ಟು ಹಾಕಾಕ ಬೇಕಂತಿದ್ರು ಅವರು," ಎಂದು ಅಡಿವೆವ್ವ ಮರಳಿನ ಮೇಲೆ ಕುಳಿತುಬಿಟ್ಟಳು.

ಮರುದಿನವೇ 'ಐತಿಹಾಸಿಕ ದೋಣಿ, ಮುಟ್ಟಿದವರಿಗೆ ಶಿಕ್ಷೆ' ಎಂಬ ಫಲಕ ಬಂತು, ಕಾಯಲು ಒಬ್ಬ ಪೊಲೀಸನೂ ಬಂದ. ಮೇಲಿನಿಂದ ಪಂಡಿತರು ಬಂದು ನೋಡುವವರೆಗೆ ಒಂದು ಮೊಳೆಯೂ ಅಲುಗಬಾರದಂತೆ. ನಾನು ಕಾಲು ಹಿಡಿದೆ. "ಸುಳ್ಳು ಹೇಳಿದ್ದೆರಿ. ದೋಣಿ ನಮ್ಮಜ್ಜಂದರಿ."

"ಈಗ ಸುಳ್ಳು ಹೇಳಾಕತ್ತಿ, ಮುದುಕಾ. ಹಂಡೆ ನೀನೊಬ್ಬನೇ ಹೊಡಕೋಬೇಕಂತ ಮಾಡೀಯೇನು?" ಎಂದರು ಕಾರಕೂನರು.

ನನ್ನ ಸುಳ್ಳುಗಳನ್ನು ನಾಲ್ಕು ತಾಲೂಕಿನ ಜನ ನಕ್ಕು ಬಿಟ್ಟಿದ್ದಾರೆ. ನಂಬಿದವರು ತಾವೊಬ್ಬರೇ. ಇಷ್ಟು ಓದಿದವರು ಹೀಗೆ ಮಾಡಬಹುದೇ?

ಮೃಗಶಿರಾ ಮಳೆಗೆ ಇನ್ನು ಇಪ್ಪತ್ತು ದಿನ. ನೀರು ಬಂದರೆ ದೋಣಿ ಒಡೆದು ಹೋಗುತ್ತದೆ, ಅವನೂ ಹೋಗುತ್ತಾನೆ. ದೋಣಿಯನ್ನು ಸರ್ಕಾರವೇ ಇಟ್ಟುಕೊಳ್ಳಲಿ. ದಂಡೆಯ ಮೇಲೆ ಬಿದ್ದಿರುವ ತಮ್ಮ ರಾಟೆಯಿಂದ ಆ ಒಂದು ಹಲಗೆ ಎತ್ತಲು ಒಂದು ಹೊತ್ತಿನ ಅಪ್ಪಣೆ ಕೊಡಿರಿ.

ನಷ್ಟವೆಷ್ಟು ಎಂದು ತಮ್ಮ ಅರ್ಜಿಯ ನಮೂನೆ ಕೇಳುತ್ತದೆ. ಊರಲ್ಲಿ ಸಾವಿರವೆಂದು ಹೇಳಿಕೊಂಡಿದ್ದೇನೆ. ದೋಣಿಯಲ್ಲಿ ನನ್ನದಿದ್ದುದು ಎರಡು ಚೀಲ ಅಕ್ಕಿ. ಹೊಳೆಯ ಪೂರ ಇಳಿಯಲಿ ಎಂದ ತಮ್ಮನನ್ನು, ಸಂತೆ ತಪ್ಪುತ್ತದೆಂದು ನಾನೇ ಬೈದು ಹತ್ತಿಸಿದೆ. ಒಟ್ಟು ಹನ್ನೊಂದು ರೂಪಾಯಿ.

ಇಂತಿ, ಅಂದು ದಡದಲ್ಲೇ ನಿಂತಿದ್ದ
ಗುದ್ಲೆಪ್ಪ ಅಂಬಿಗ
ಕೂಡಲ, ಮೇ ೧೯೪೩