ತಂಬಿಗೆ ಎಂದು ಕೇಳು

ಮಾನ್ವಿ ಸೀಮೆ
ಬಿಸಿಲುಮಾಸದ ಮೂವತ್ತೆಂಟನೆಯ ದಿನ, ೨೧೩೯

ಮೇದಿನಿಗೆ,

ತಾರೀಖು ನೋಡಿ ನಗಬೇಡ. ನಮ್ಮ ಬೇಸಿಗೆ ಹನ್ನೆರಡು ತಿಂಗಳಲ್ಲಿ ಹಿಡಿಸದೆ ಹೋದಾಗ ಹಿರಿಯರು ಹದಿಮೂರನೆಯದನ್ನು ಸೇರಿಸಿಕೊಂಡರು. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸು. ನಿನ್ನಲ್ಲಿ ಕ್ಷಮೆ ಕೇಳುವುದು ಇದೊಂದಕ್ಕೇ. ಕಾಲದ ಪ್ರಕಾರ ನೀನು ನನ್ನ ಅಜ್ಜಿಗಿಂತ ಹಿರಿಯಳು. ಆದರೆ ಈ ಕಾಗದ ತಲುಪುವ ದಿನ ನಿನಗೆ ಇಪ್ಪತ್ತಮೂರು, ನನಗೆ ಅರವತ್ತೇಳು. ಹಾಗಾಗಿ ಏಕವಚನ. ನನಗೆ ನಿನ್ನ ಮೇಲೆ ಕೆಟ್ಟ ಸಿಟ್ಟಿದೆ, ಅದೂ ಒಂದು ಕಾರಣ.

ಹಿಂದಿನ ಕಾಲಕ್ಕೆ ಹೋಗುವ ಅಂಚೆಗೆ ನಾವು ತಿರುಗಂಚೆ ಎನ್ನುತ್ತೇವೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಎಲ್ಲರೂ ತೀರಿಹೋದ ಅಪ್ಪನಿಗೋ ಅಮ್ಮನಿಗೋ ಬರೆಯುತ್ತಾರೆ. ನಾನು ನನ್ನ ಪಾಲಿನದನ್ನು ನಿನಗೆ ಖರ್ಚು ಮಾಡುತ್ತಿದ್ದೇನೆ.

ನನ್ನ ಹೆಸರು ಅಮರಮ್ಮ. ಅಂಗವೈಕಲ್ಯವಿರುವ ಮಕ್ಕಳ ಜೊತೆ, ಅವರ ಮನೆಯವರ ಜೊತೆ ಹೇಗೆ ಕೆಲಸ ಮಾಡಬೇಕೆಂದು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಕಲಿಸುತ್ತೇನೆ. ನೀನು ಓದುತ್ತಿರುವುದೂ ಅದನ್ನೇ. ನಮ್ಮಲ್ಲಿ ಮೊದಲ ವರ್ಷವೆಲ್ಲ ಮನೆವಾಸ. ವಿದ್ಯಾರ್ಥಿ ಮಗುವಿನ ಮನೆಯಲ್ಲೇ ಇರಬೇಕು, ಅವರುಂಡದ್ದು ಉಣ್ಣಬೇಕು, ನೀರು ಹಿಡಿಯಬೇಕು, ರೊಟ್ಟಿ ಬಡಿಯುವ ಸದ್ದಿಗೆ ಏಳಬೇಕು. ಮೊದಲ ಮೂರು ತಿಂಗಳಿಗೆ ಕೈಕಟ್ಟು ಎಂದು ಹೆಸರು, ಏಕೆಂದರೆ ಆಗ ಪೆನ್ನು ಮುಟ್ಟುವಂತಿಲ್ಲ. ಮಗು ಬಾಗಿಲು ಬಡಿದರೆ ಏನರ್ಥ, ತಟ್ಟೆ ನೂಕಿದರೆ ಏನರ್ಥ, ಆ ಮನೆಯಲ್ಲಿ ಯಾವುದನ್ನು ಏನೆಂದು ಕರೆಯುತ್ತಾರೆ, ಇಷ್ಟನ್ನೇ ಕಲಿಯುವುದು. ವರ್ಷದ ಕೊನೆಗೆ ಪರೀಕ್ಷೆ ಮಾಡುವವಳು ತಾಯಿ. ಹೋದ ವರ್ಷ ನನ್ನ ಜಾಣ ವಿದ್ಯಾರ್ಥಿಯೊಬ್ಬ ಫೇಲಾಗಿ ಗೊಳೋ ಎಂದು ಅತ್ತ. ಅದೇ ಮನೆಗೆ ಇನ್ನೊಂದು ವರ್ಷ ಕಳಿಸಿದೆ.

ಈಗ ನಮ್ಮ ಸಮಿತಿಯವರಿಗೆ ಈ ಮನೆವಾಸದ ವರ್ಷ ದಂಡ ಎನಿಸಿದೆ. ವಾರಕ್ಕೆ ನಲವತ್ತು ನಿಮಿಷ ಸಾಕಂತೆ. ಮಾದರಿ ಪಾಠವೆಂದು ಮೊನ್ನೆ ಸಭೆಯಲ್ಲಿ ಒಂದು ಹಳೆಯ ವಿಡಿಯೊ ಹಾಕಿದರು. ಅದು ನಿನ್ನದು, ಮೇದಿನಿ. ನೀನು ನಾಳೆ ಮಾಡಲಿರುವ ಪಾಠ.

ನಾಳೆ ಹತ್ತೂವರೆಗೆ ಹಂಪಮ್ಮ ಎಂಬವಳು ಎರಡು ಬಸ್ಸು ಬದಲಿಸಿ, ಆರು ವರ್ಷದ ಮಗಳು ಭಾಗಮ್ಮನನ್ನು ಕಂಕುಳಲ್ಲಿ ಹೊತ್ತು ನಿಮ್ಮ ತರಬೇತಿ ಕೇಂದ್ರಕ್ಕೆ ಬರುತ್ತಾಳೆ. ಮಗುವಿಗೆ ಮಾತಿಲ್ಲ, ಆದರೆ ಕೇಳಿದ್ದನ್ನು ಬೆರಳಿಟ್ಟು ತೋರಿಸುತ್ತದೆ. ನೀನು ಮೈಸೂರಿನವಳು. ಚಿತ್ರದ ಕಾರ್ಡುಗಳನ್ನು ಹರಡಿ, "ಚೊಂಬು ಎಲ್ಲಿದೆ ಪುಟ್ಟಿ?" ಎಂದು ಮೂರು ಸಲ ಕೇಳುತ್ತೀಯೆ. ಮಗು ನಿನ್ನ ಮುಖವನ್ನೇ ನೋಡುತ್ತದೆ. ಹಂಪಮ್ಮ ತಡೆಯಲಾರದೆ, "ನಮ್ಮ ಮನ್ಯಾಗ ಅದಕ್ಕ ತಂಬಿಗಿ ಅಂತೀವ್ರೀ ಮೇಡಮ್ಮೋರ. ಹಂಗಂತ ಒಂದ್ಸಲ ಕೇಳ್ರಿ, ತೋರಿಸ್ತಾಳ," ಎನ್ನುತ್ತಾಳೆ. ನೀನು ನಗುನಗುತ್ತಲೇ, "ಅಮ್ಮ, ಪ್ಲೀಸ್, ಮಧ್ಯೆ ಮಾತಾಡ್ಬೇಡಿ. ಹೇಳ್ಕೊಟ್ರೆ ಟೆಸ್ಟ್ ಕೆಟ್ಟೋಗುತ್ತೆ," ಎನ್ನುತ್ತೀಯೆ. ಹಂಪಮ್ಮ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾಳೆ. ನೀನು ಬರೆದುಕೊಳ್ಳುತ್ತೀಯೆ: ಮಗುವಿಗೆ ನಿತ್ಯಬಳಕೆಯ ವಸ್ತುಗಳ ಅರಿವಿಲ್ಲ, ತಾಯಿ ಸಹಕರಿಸುವುದಿಲ್ಲ. ನಿನಗೆ ಇಪ್ಪತ್ತಕ್ಕೆ ಹದಿನೆಂಟು ಅಂಕ. ಕೈಗೆ ಚೊಂಬು ಕೊಡುವುದು ಎಂಬ ಮಾತು ನಿಮ್ಮ ಕಡೆಯೂ ಇದೆಯಲ್ಲ. ಹಂಪಮ್ಮನಿಗೆ ನೀನು ಕೊಟ್ಟು ಕಳಿಸಿದ್ದು ಅದನ್ನೇ.

ಸಭೆಯಲ್ಲಿ ಚಪ್ಪಾಳೆ ಬಿತ್ತು. ನನಗೆ ಮೈಯೆಲ್ಲ ಉರಿಯಿತು. ಭಾಗಮ್ಮ ನಮ್ಮಜ್ಜನ ಅಕ್ಕ.

ಮುಂದೇನಾಯಿತು ಎಂಬುದು ನಿನ್ನ ಫೈಲಿನಲ್ಲಿಲ್ಲ, ನಾನು ಹೇಳುತ್ತೇನೆ ಕೇಳು. ನೀನು ಬರೆದ ವರದಿ ನೋಡಿ ಶಾಲೆಯವರು ಭಾಗಮ್ಮನನ್ನು ಸೇರಿಸಿಕೊಳ್ಳಲಿಲ್ಲ. ಓದಿದವರೇ ಹೇಳಿದ ಮೇಲೆ ತನ್ನದೇ ತಪ್ಪಿರಬೇಕೆಂದು ಹಂಪಮ್ಮ ನಂಬಿದಳು. ಮೂರು ವಾರ ಬಂದು ನಿಲ್ಲಿಸಿದಳು. ನೀನು ಗೈರುಹಾಜರಿ ಎಂದು ಬರೆದು ಫೈಲು ಮುಚ್ಚಿದೆ. ಆಮೇಲೆ ಐವತ್ತಾರು ವರ್ಷ ಭಾಗಮ್ಮನ ಸನ್ನೆಗಳೆಲ್ಲ ತಾಯಿಯೊಬ್ಬಳಿಗೇ ಗೊತ್ತಿದ್ದವು. ಹಂಪಮ್ಮ ಸತ್ತಾಗ ನನಗೆ ಹತ್ತು ವರ್ಷ. ಭಾಗಮ್ಮ ಬಲಗಿವಿ ಹಿಡಿದೆಳೆದು ನಮ್ಮನ್ನು ಏನೋ ಕೇಳುತ್ತಿದ್ದಳು. ನೀರು ಕೊಟ್ಟೆವು, ಹೊದಿಕೆ ಕೊಟ್ಟೆವು, ಡಾಕ್ಟರನ್ನು ಕರೆಸಿದೆವು. ಯಾವುದೂ ಅಲ್ಲ. ಹನ್ನೊಂದು ತಿಂಗಳು ಹಾಗೇ ಕೇಳಿ ಕೇಳಿ ಸತ್ತಳು. ಅದೇನೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ನೀನು ಕೆಟ್ಟವಳಲ್ಲ, ವಿಡಿಯೊದಲ್ಲಿ ಕಾಣುತ್ತದೆ. ಕೆಟ್ಟವಳಾಗಿದ್ದರೆ ನನಗಿಷ್ಟು ಸಿಟ್ಟು ಬರುತ್ತಿರಲಿಲ್ಲ. ನಿನಗೆ ಕಲಿಸಿದವರು ತಾಯಿಯ ಮಾತನ್ನು ಅಡ್ಡಿ ಎಂದು ಕಲಿಸಿದರು, ನೀನು ಅಚ್ಚುಕಟ್ಟಾಗಿ ಕಲಿತೆ.

ತಿರುಗಂಚೆ ಆದದ್ದನ್ನು ಬದಲಿಸುತ್ತದೋ ಇಲ್ಲವೋ ಯಾರೂ ಖಚಿತವಾಗಿ ಹೇಳಲಾರರು. ಆದರೂ ನಾಳೆ ಹಂಪಮ್ಮ ಬಾಯಿ ತೆರೆದರೆ ಪೆನ್ನು ಕೆಳಗಿಡು. ಅಂಕ ಹೋದರೆ ಹೋಗಲಿ. ನಾಲ್ಕನೆಯ ವಾರ ಆಕೆ ಬರದಿದ್ದರೆ ಬಸ್ಸು ಹತ್ತಿ ನೀನೇ ಹೋಗು. ಇದನ್ನು ಬೇಡಿಕೆ ಎಂದುಕೋ, ಬೈಗುಳ ಎಂದುಕೋ. ನಿನ್ನ ನಂತರ ಆ ಮಗುವನ್ನು ಯಾರೂ ಏನನ್ನೂ ಕೇಳಲಿಲ್ಲ.

ಅಮರಮ್ಮ