ಮಹದೇವ ನುಂಗಿದ ಮಾತ್ರೆ

೧೪ ಜುಲೈ ೨೦೦೩, ಸೋಮವಾರ, ಪೆರಂಬೂರು

ಹುಚ್ಚಮ್ಮನ ಸೋಂಕು ಪೂರ್ತಿ ವಾಸಿಯಾಗಿದೆ. ಡಾ. ಸುಮತಿ ಸಂಜೆ ಹೇಳಿದರು. ಅವರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವ ನಾನೇ ಅದನ್ನು ಅವಳಿಗೆ ಕನ್ನಡದಲ್ಲಿ ತಿಳಿಸಿದೆ. ತಾಳವಾಡಿ ಬೆಟ್ಟದ ಕಡೆಯ ತನ್ನ ಹಳ್ಳಿಯಲ್ಲಿ ಯಾರಿಗೂ ಹೇಳಲಾಗದೆ, ಬಿಳಿಸೆರಗು ಹೋಗುವುದನ್ನು ಎರಡು ವರ್ಷ ಸಹಿಸಿದ್ದಳು. ಗಂಡನ ಜೊತೆ ಕಟ್ಟಡ ಕೆಲಸಕ್ಕೆ ಚೆನ್ನೈಗೆ ಬಂದ ಮೇಲೆಯೇ ಬಾಯಿ ಬಿಟ್ಟದ್ದು. ನಾನು ಸಂತೋಷಪಡಬೇಕಿತ್ತು. ಹೊಟ್ಟೆಕಿಚ್ಚಾಯಿತು.

ಹೋದ ತಿಂಗಳು, ಸೋಂಕು ಮರಳಬಾರದೆಂದು ಡಾಕ್ಟರು ಗಂಡನಿಗೂ ಮಾತ್ರೆ ಕೊಟ್ಟಾಗ ಮಹದೇವ, "ನಂಗೇನೂ ಆಗಿಲ್ವಲ್ಲ ಕನಮ್ಮಿ" ಎಂದಿದ್ದ.

"ಆನೆ ಓಡುಸ್ತೀನಿ ಅಂತ ಜಂಬ ಕೊಚ್ಕೊತಿಯಲ್ಲ, ಮಾತ್ರೆಗೆ ಹೆದ್ರುಕತಿಯಾ? ನುಂಗು ಮೊದ್ಲು!" ಎಂದು ಹುಚ್ಚಮ್ಮ ಗದರಿದ್ದಳು.

ನಗುತ್ತಲೇ ನುಂಗಿದ. ಹುಚ್ಚಮ್ಮ ಅವನ ಗಂಟಲನ್ನೇ ನೋಡುತ್ತಿದ್ದಳು. ಹಾಗೆ ನೋಡಲು ನನಗೂ ಆಸೆ.

ನನಗೆ ಅದೇ ಸೋಂಕು ಎರಡನೆಯ ಸಲ ಮರಳಿದೆ. ನನ್ನ ಗಂಡ ಮೋಹನ್‌ಗೆ ಕೊಟ್ಟ ಮಾತ್ರೆ ಫ್ರಿಜ್ಜಿನ ಮೇಲೆ ಹಾಗೇ ಇದೆ. ಊಟದ ಹೊತ್ತಿಗೆ ಮತ್ತೆ ಕೇಳಿದೆ.

"ನಿನ್ನ ಕ್ಲಿನಿಕ್ಕಿಂದ ಅಂಟಿಸ್ಕೊಂಡು ಬಂದಿದೀಯ, ನೀನೇ ತಗೋ," ಎಂದು ಟಿವಿ ಜೋರು ಮಾಡಿದರು. ಬ್ಯಾಂಕ್ ಅಧಿಕಾರಿ, ದಿನಕ್ಕೆರಡು ಪೇಪರ್ ಓದುವವರು.

ಅವರು ನುಂಗುವ ತನಕ ನಾನು ಹಾಲ್‌ನಲ್ಲಿ ಮಲಗುವವಳು. ಚಾಪೆ ಹಾಸಿಯಾಗಿದೆ. ಗುರುವಾರ ಹನ್ನೊಂದು ಗಂಟೆಗೆ ಡಾ. ಸುಮತಿ ನನ್ನನ್ನು ಪರೀಕ್ಷಿಸುತ್ತಾರೆ.